ಮಸೂತಿಯ ಶ್ಯಾವಿಗೆ ಮಷೀನು

ಬಸವನ ಬಾಗೇವಾಡಿಯಲ್ಲಿ ನಾನು ಹರೆಯದವರಿಗೆ ಸ್ವಂತ ಉದ್ಯೋಗದ ತರಬೇತಿ ಕೊಡುತ್ತೇನೆ. ಗಿರಾಕಿ, ಬಂಡವಾಳ, ಲಾಭ ಎಂದು ಗಂಟಲು ಹರಿಯುವಂತೆ ಕೂಗುವುದೇ ನನ್ನ ಕಸುಬು. ಕಳೆದ ವರ್ಷ ಹತ್ತಿರದ ಮಸೂತಿ ಎಂಬ ಹಳ್ಳಿಯ ಒಬ್ಬ ಹುಡುಗಿ ತರಬೇತಿ ಮುಗಿಸಿ, ಶ್ಯಾವಿಗೆ ಮಷೀನನ್ನು ಬಾಡಿಗೆಗೆ ತಂದು ಮನೆಯ ಪಡಸಾಲೆಯಲ್ಲಿ ಹೂಡಿದಳು. ಅವಳ ಅಪ್ಪನಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. "ಜ್ವಾಳ ಕೀಳೂದ್ರೊಳಗ ಬಾಡಿಗಿ ಹುಟ್ಟಲಿಲ್ಲಂದ್ರ ಮಷೀನ್ ವಾಪಸ್, ನೀ ಹೊಲಕ್ಕ" ಎಂದುಬಿಟ್ಟಿದ್ದ.

ಕೆಲವು ವಾರ ಬಿಟ್ಟು ನೋಡಲು ಹೋದೆ. ಮನೆ ತುಂಬ ಹೆಂಗಸರು! ಹಿಟ್ಟು ನಾದುವವರು, ಶ್ಯಾವಿಗೆಯನ್ನು ಕೋಲಿಗೆ ಹಾಕಿ ಒಣಗಿಸುವವರು. ಹುಡುಗಿ ಮಾತ್ರ ಸಪ್ಪಗಿದ್ದಳು. "ಮಂದಿ ಬರ್ತಾರ್ರಿ ಸರ, ರೊಕ್ಕ ಬರಂಗಿಲ್ರಿ. ಎಲ್ಲಾರೂ ಕಾಕಿ, ಅತ್ತಿ, ಆಯಿನ ಅದಾರ. ನಾ ಹ್ಯಾಂಗ ಕೇಳ್ಲಿ?" ಸಾಲದ್ದಕ್ಕೆ ಬಂದವರಿಗೆಲ್ಲ ಚಹಾ ಬೇರೆ ಕುಡಿಸುತ್ತಿದ್ದಳು. ನನಗೆ ತಲೆ ಕೆಟ್ಟುಹೋಯಿತು. "ಅಂಗಡಿ ಇಟ್ಟಿಯೋ, ಬೀಗರ ಊಟ ಇಟ್ಟಿಯೋ?" ಎಂದು ರೇಗಿದೆ.

ಅಲ್ಲಿದ್ದ ಮುದುಕಿಯೊಬ್ಬಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, "ಸಿಟ್ಟಾಗಬ್ಯಾಡ್ರಿ ಸರ. ಇದು ಮುಯ್ಯಿ ಐತ್ರಿ, ತೀರಸ್ತೇವ್ರಿ" ಎಂದಳು. ಶ್ಯಾವಿಗೆ ಹೊಸೆಯಲು ಒಬ್ಬರ ಮನೆಗೆ ಒಬ್ಬರು ಹೋಗುವುದು, ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವುದು ಅಲ್ಲಿಯ ಹಳೆಯ ರೂಢಿ. ಮಷೀನಿನ ಬಾಡಿಗೆ ಮುಯ್ಯಿಯಿಂದ ತೀರುತ್ತದೆಯೇ ಎಂದು ಗೊಣಗುತ್ತ ಬಸ್ ಹತ್ತಿದೆ.

ಜೋಳ ಕೀಳುವ ಸುಗ್ಗಿ ಬಂತು. ಮಷೀನು ಒಯ್ಯಲು ನಾಳೆ ಗಾಡಿ ಬರುತ್ತದೆಂದು ಹುಡುಗಿ ಅಳುತ್ತ ಫೋನ್ ಮಾಡಿದಳು. ಅಪ್ಪನಿಗೆ ತಿಳಿಹೇಳೋಣವೆಂದು ಮರುದಿನ ಬೆಳಗ್ಗೆ ಅವರ ಹೊಲಕ್ಕೇ ಹೋದೆ. ಆ ಸುಗ್ಗಿಯಲ್ಲಿ ಎಷ್ಟು ಕೂಲಿ ಕೊಡುತ್ತೇನೆಂದರೂ ಆಳು ಸಿಗುವುದಿಲ್ಲ. ಅಪ್ಪ, ಮಗಳು ಇಬ್ಬರೇ ಇರುತ್ತಾರೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ, ಈ ಬದುವಿನಿಂದ ಆ ಬದುವಿನ ತನಕ ಹೆಂಗಸರು! ಪಡಸಾಲೆಯಲ್ಲಿ ಕಂಡವರೆಲ್ಲ ಸೀರೆ ಎತ್ತಿಕಟ್ಟಿ, ಸಾಲು ಹಿಡಿದು ಜೋಳ ಕೀಳುತ್ತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಇಷ್ಟು ವರ್ಷ ಗಿರಾಕಿಯ ಪಾಠ ಹೇಳಿದ್ದೇನೆ, ಇಂಥ ಗಿರಾಕಿಗಳನ್ನು ನಾನು ಕಂಡಿರಲಿಲ್ಲ.

ಅಪ್ಪ ಬದುವಿನ ಮೇಲೆ ನಿಂತು ಅವರನ್ನೇ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊಲದ ಜೋಳ ನೆಲಕ್ಕೆ ಬಿದ್ದಿತ್ತು. ಆಳುಗಳ ಕೂಲಿಗೆಂದು ಇಟ್ಟಿದ್ದ ದುಡ್ಡನ್ನು ಆತ ಒಳಜೇಬಿನಿಂದ ತೆಗೆದು, ಎಣಿಸದೆ ಮಗಳ ಕೈಗಿಟ್ಟ.

"ಬಾಡಿಗಿ ಕೊಡು. ಗಾಡಿ ಬರಬ್ಯಾಡ ಅಂತ ಹೇಳು. ನಿನಗ ಇಲ್ಲೇನ್ ಕೆಲಸ? ಮನಿಗಿ ನಡಿ, ಉಳದ ಮಂದಿ ಹಿಟ್ಟ ಹಿಡ್ಕೊಂಡ ನಿಂತಿರ್ತಾರ."