ಮುಯ್ಯಾಳು ಪ್ರಬಂಧ

ನನಗೆ ಕೋಪ ಮೂಗಿನ ತುದಿಯಲ್ಲೇ. ಕೋಲಾರದಲ್ಲಿ ಎಂ.ಎ. ತರಗತಿಗೆ ಸಮಾಜ ತತ್ವಶಾಸ್ತ್ರದ ಜೊತೆಗೆ ಪ್ರಬಂಧ ಬರೆಯುವುದನ್ನೂ ಕಲಿಸುತ್ತೇನೆ. ಹೋದ ವರ್ಷ ಬೈರಕೂರು ಕಡೆಯ ಇಬ್ಬರು ಹುಡುಗಿಯರ ಪ್ರಬಂಧ ಓದುತ್ತಿದ್ದಂತೆ ತಲೆ ಕೆಟ್ಟುಹೋಯಿತು. ವಿಷಯ ಬೇರೆ ಬೇರೆ, ಆದರೆ ಎರಡರ ಆರಂಭವೂ ಒಬ್ಬಳೇ ಬರೆದ ಹಾಗಿತ್ತು. ಎರಡರ ಕೊನೆ ಇನ್ನೊಬ್ಬಳು ಬರೆದ ಹಾಗೆ. ಎರಡಕ್ಕೂ ಸೊನ್ನೆ ಹಾಕಿ ಇಬ್ಬರನ್ನೂ ಕರೆಸಿದೆ. ಆ ಸೊನ್ನೆ ಹಾಗೇ ಉಳಿದರೆ ಅವರ ವರ್ಷವೇ ಹಾಳು.

"ನನ್ನ ಕಿವಿಗೇ ಹೂ ಇಡ್ತೀರೇನ್ರೇ? ಯಾರದನ್ನ ಯಾರು ಕದ್ದಿದ್ದು?"

ಗಿಡ್ಡ ಹುಡುಗಿ ಎತ್ತರದವಳನ್ನು ಮೊಣಕೈಯಿಂದ ತಿವಿದು ತೆಲುಗಿನಲ್ಲಿ "ಚೆಪ್ಪವೇ" ಎಂದಳು. ಅವಳೆಲ್ಲಿ ಹೇಳುತ್ತಾಳೆ, ಅಳುತ್ತ ನಿಂತಿದ್ದಳು. ಕೊನೆಗೆ ಗಿಡ್ಡವಳೇ ಬಾಯಿಬಿಟ್ಟಳು.

"ಕದ್ದಿಲ್ಲ ಮೇಡಂ, ಮುಯ್ಯಾಳು. ಇವ್ಳಿಗೆ ಶುರು ಮಾಡಕ್ಕೆ ಚೆನ್ನಾಗಿ ಬರುತ್ತೆ, ನಂಗೆ ಮುಗ್ಸಕ್ಕೆ. ಎರಡನ್ನೂ ಇವ್ಳು ಶುರು ಮಾಡಿದ್ಲು, ನಾನು ಮುಗಿಸ್ದೆ. ನಮ್ಮ ರಾಗಿ ಹೊಲದ ಕಳೆ ಕೀಳಕ್ಕೆ ಇವ್ರ ಮನೆಯವ್ರು ಬರ್ತಾರೆ, ಇವ್ರ ಹೊಲಕ್ಕೆ ನಾವು ಹೋಗ್ತೀವಿ. ಅದೇ ಥರ."

ಎಲಾ ಇವಳ! ಪರಸ್ಪರ ಸಹಕಾರದ ಮೇಲೆ ಪಿಎಚ್.ಡಿ. ಮಾಡಿದವಳು ನಾನು. ಬಯ್ಯಲು ತೆರೆದ ಬಾಯಿಂದ ಬರೀ ಪ್ರಶ್ನೆಗಳೇ ಹೊರಟವು. ಒಬ್ಬರು ಚುರುಕಾಗಿದ್ದು ಇನ್ನೊಬ್ಬರು ನಿಧಾನವಾದರೆ?

"ಹಿಂದೆ ಬಿದ್ದವ್ರ ಸಾಲನ್ನ ಪಕ್ಕದವ್ರು ಹಿಡ್ಕೊಂಡು ಮುಗಿಸ್ತಾರೆ ಮೇಡಂ."

ಕೆಲಸ ಮಾಡಿಸಿಕೊಂಡವರು ತಿರುಗಿ ಬರದೇ ಹೋದರೆ?

"ಯಾರೂ ಏನೂ ಅನ್ನಲ್ಲ. ಮುಂದಿನ ಸಲ ಕರೆಯಲ್ಲ, ಅಷ್ಟೇ."

ಅರ್ಧ ಗಂಟೆ ಕೇಳುತ್ತಲೇ ಇದ್ದೆ. ಎತ್ತರದವಳೂ ಅಳು ಮರೆತು, "ಹಂಗಲ್ಲ ಕಣೇ, ಹಬ್ಬದ ದಿನ ಕರೆಯಂಗಿಲ್ಲ" ಎಂದು ಗೆಳತಿಯನ್ನು ತಿದ್ದತೊಡಗಿದಳು. ನನಗಂತೂ ಖುಷಿಯೋ ಖುಷಿ.

ಆದರೂ ನಿಯಮ ನಿಯಮವೇ ಎಂದುಕೊಂಡೆ. ಒಂದು ವಾರ ಸಮಯ ಕೊಟ್ಟು, ಒಬ್ಬರದನ್ನು ಒಬ್ಬರು ನೋಡದೆ ಹೊಸದಾಗಿ ಬರೆದು ತನ್ನಿ, ಸೊನ್ನೆ ತೆಗೆಯುತ್ತೇನೆ ಎಂದೆ.

ತಂದರು. ಗಿಡ್ಡವಳದು ಕುಂಟುತ್ತ ಶುರುವಾದರೂ ದಡ ಮುಟ್ಟಿತ್ತು. ಪಾಸು ಮಾಡಿದೆ. ಎತ್ತರದವಳ ಪ್ರಬಂಧ ಬಲು ಚಂದವಾಗಿ ಹೊರಟು ಮೂರನೇ ಪುಟದ ಅರ್ಧಕ್ಕೆ ನಿಂತುಬಿಟ್ಟಿತ್ತು. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: "ಇಲ್ಲಿಂದ ಮುಂದಕ್ಕೆ ನನಗೆ ಬರಲಿಲ್ಲ ಮೇಡಂ. ಅವಳು ಪಕ್ಕದಲ್ಲೇ ಕೂತಿದ್ದಳು. ನೀವು ಬೇಡ ಅಂದಿದ್ರಿ ಅಂತ ಕೇಳಲಿಲ್ಲ."

ನನಗೇ ನಾಚಿಕೆಯಾಯಿತು. ಗಿಡ್ಡವಳನ್ನು ಕರೆಸಿ ಆ ಹಾಳೆಗಳನ್ನು ಕೈಗಿಟ್ಟೆ.

"ಇದನ್ನ ಮುಗಿಸಿಕೊಡಮ್ಮಾ" ಎಂದೆ.