ಬೇಸಿಗೆಯಲ್ಲಿ ತುಂಬಿದ ಹಳ್ಳ

ಬೇಸಿಗೆಯಲ್ಲಿ ನೀರು ಹೆಚ್ಚುವ ಹಳ್ಳವನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ, ಕಮಲಾಪುರದ ಹತ್ತಿರ, ಒಂದು ಕಲ್ಲಿನ ಖಣಿಯ ಪಕ್ಕದಲ್ಲಿ. ತೊಂಬತ್ತರ ದಶಕದಲ್ಲಿ ನಾನು ಕಲಬುರಗಿಯ ಪ್ರಯೋಗಾಲಯವೊಂದರಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದೆ. ತಿಂಗಳಿಗೊಮ್ಮೆ ಜೀಪಿನಲ್ಲಿ ಹೋಗಿ ಖಣಿಯ ಮೇಲ್ಗಡೆ ಒಂದು, ಕೆಳಗಡೆ ಒಂದು ಬಾಟಲಿ ನೀರು ತುಂಬಿಕೊಳ್ಳಬೇಕು. ಹರಿವು ಅಳೆಯಲು ಒಣಗಿದ ಜೋಳದ ದಂಟಿನ ತುಂಡು ತೇಲಿಬಿಟ್ಟು ಗಡಿಯಾರ ನೋಡುತ್ತ ನಿಲ್ಲುತ್ತಿದ್ದೆ. ಮೇಲ್ಗಡೆ ಆ ತುಂಡು ಮುನಿಸಿಕೊಂಡವರ ಹಾಗೆ ನಿಂತೇಬಿಡುತ್ತಿತ್ತು. ಕೆಳಗಡೆ ಓಡುತ್ತಿತ್ತು. ನಡುವೆ ಬಂದು ಸೇರುವ ಹಳ್ಳ ಒಂದೂ ಇಲ್ಲ. ನೀರೋ, ತಳದ ಮರಳು ಕಾಣುವಷ್ಟು ತಿಳಿ!

ತಲೆಯೊಳಗೆ ಹುಳ ಹೊಕ್ಕಿತು. ನಾವು ಬರುವ ದಿನ ಖಣಿಯವರು ಎಲ್ಲಿಂದಲೋ ಒಳ್ಳೆಯ ನೀರು ಬಿಟ್ಟು ಹೊಲಸು ತೊಳೆಯುತ್ತಿದ್ದಾರೆ. ಆದರೆ ದಿನ ಗೊತ್ತಿದ್ದದ್ದು ನನಗೆ ಮತ್ತು ಡ್ರೈವರನಿಗೆ ಮಾತ್ರ. ಅವನ ಅಕ್ಕ ಖಣಿಯ ಕೆಳಗಿನ ಹಳ್ಳಿಯಲ್ಲೇ ಇದ್ದಳು; ಜೀಪು ಕಂಡರೆ ಅವನನ್ನು ಮಾತಾಡಿಸಲು ಬರುತ್ತಿದ್ದಳು. ಆ ಊರಿನವರು ಹಳ್ಳದ ಮರಳು ತೋಡಿ ಒರತೆ ನೀರು ಕುಡಿಯುವವರು. ಒಡಹುಟ್ಟಿದವಳ ನೀರನ್ನೇ ಮಾರಿಕೊಂಡನಲ್ಲ, ಹರಾಮಿ! ನನಗೆ ಮೈಯೆಲ್ಲ ಉರಿಯಿತು.

"ಯಾರೋ ನಮ್ಮ ಸುದ್ದಿ ಮುಟ್ಟಸಾಕತ್ತಾರಪಾ," ಎಂದು ಒಮ್ಮೆ ಜೀಪಿನಲ್ಲಿ ಚುಚ್ಚಿದೆ.

"ನಾ ಅಂತೂ ಅಲ್ರೀ ಸಾಹೇಬ್ರ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ.

ಮುಂದಿನ ವಾರ ಯಾರಿಗೂ ಹೇಳದೆ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಬಸ್ಸಿಗೆ ಹೋದೆ. ಹಳ್ಳ ಕಲ್ಲಿನ ಪುಡಿಯಿಂದ ಸುಣ್ಣ ಕದಡಿದಂತೆ ಬೆಳ್ಳಗಾಗಿತ್ತು. ಸಿಕ್ಕಿಬಿದ್ದಿರಿ ಮಕ್ಕಳೇ! ಖುಷಿಯಿಂದ ಬಾಟಲಿ ತುಂಬುತ್ತಿದ್ದಾಗ ಡ್ರೈವರನ ಅಕ್ಕ ಖಾಲಿ ಕೊಡ ಹಿಡಿದು ಬಂದಳು.

"ಇವತ್ತ್ಯಾಕ ಬಂದ್ರೀ? ನಿಮ್ಮ ಪಾಳಿ ಇನ್ನಾ ದೂರ ಅದಲ್ಲ?"

"ಖಣಿಯವರಿಗೆ ಹೇಳಾಂವ ನಿನ್ನ ತಮ್ಮನ ಹೌದಿಲ್ಲೋ?"

"ಅವ ನನಗ ಹೇಳ್ತಾನ. ಖಣಿಯವರಿಗೆ ಹೇಳಾಕಿ ನಾ! ನೀವು ಬರ್ತೀರಿ ಅಂದ್ರ ಹಿಂದಿನ ದಿನಾನ ಬೋರಿನ ನೀರು ಬಿಡ್ತಾರ್ರೀ. ಇಡೀ ಊರು ಕೊಡ, ಹಂಡೆ ತುಂಬಿಸ್ಕೋತದ. ಉಳಿದ ದಿನ ಒರತಿ ನೀರು ಅರಿವ್ಯಾಗ ಸೋಸಿದ್ರೂ ಗಂಟಲ ಇಳಿಯಂಗಿಲ್ಲ."

ನಾನು ಬಾಟಲಿಯ ಮುಚ್ಚಳ ಬಿಗಿದೆ. ಅವಳು ನನ್ನ ಬಾಟಲಿಯನ್ನೇ ನೋಡುತ್ತಿದ್ದಳು. "ಅದನ್ನ ಒಯ್ಯಬ್ಯಾಡ್ರೀ. ಒಮ್ಮೆ ಸಿಕ್ಕಬಿದ್ರಂದ್ರ ಬೋರು ಬಿಡೋ ಉಸಾಬರಿ ಅವರಿಗ್ಯಾಕ?"

ಒಯ್ದೆ. ಕೆಟ್ಟ ನೀರನ್ನು ಕೆಟ್ಟದ್ದು ಎಂದು ಹೇಳುವುದು ನನ್ನ ಕೆಲಸ. ಹೇಳಿದರೆ ಖಣಿ ನಿಲ್ಲುತ್ತದೆ ಎಂದೇ ನಂಬಿದ್ದೆ. ಖಣಿಯವರಿಗೆ ನೋಟಿಸು ಹೋಯಿತು. ಅವರು ಕಲ್ಲು ಒಡೆಯುವುದನ್ನು ಬಿಡಲಿಲ್ಲ, ಬೋರು ಬಿಡುವುದನ್ನು ನಿಲ್ಲಿಸಿದರು.

ಮುಂದಿನ ಪಾಳಿಗೆ ಜೀಪು ಹೋದಾಗ ಊರಿನ ಹೆಂಗಸರು ರೂಢಿಯಂತೆ ಕೊಡ ಹಿಡಿದು ದಂಡೆಯ ಮೇಲೆ ಕಾಯುತ್ತಿದ್ದರು. ಹಳ್ಳ ಬೆಳ್ಳಗೇ ಇತ್ತು. ಡ್ರೈವರ್ ಜೀಪಿನಿಂದ ಇಳಿಯಲೇ ಇಲ್ಲ. ಅವನ ಅಕ್ಕ ನನ್ನ ಕೈಯಿಂದ ಬಾಟಲಿ ಇಸಿದುಕೊಂಡು, ತಾನೇ ಬಗ್ಗಿ, ಆ ನೀರು ತುಂಬಿ ಕೊಟ್ಟಳು.

"ತಗೋರ್ರೀ," ಎಂದಳು, "ನಿಮಗಾದ್ರೂ ಬೇಕಾದ ನೀರು ಸಿಕ್ತಲ್ಲ."