ಕತ್ತಲಲ್ಲಿ ಎಲೆ ಬಿಡಿಸಿದ ಮೊಳಕೆ

ಸಾಸಿವೆಯ ಜಾತಿಗೆ ಸೇರಿದ ಒಂದು ಪುಟ್ಟ ಕಳೆಗಿಡದ ಬೀಜಗಳನ್ನು ತಟ್ಟೆಯಲ್ಲಿ ಬಿತ್ತಿ, ಫಾಯಿಲ್ ಸುತ್ತಿ ಕತ್ತಲಲ್ಲಿ ಇಟ್ಟಿದ್ದೆ. ಕತ್ತಲಲ್ಲಿ ಹುಟ್ಟಿದ ಮೊಳಕೆ ಹೇಗಿರುತ್ತದೆಂದು ಹೆಸರುಕಾಳನ್ನು ಡಬ್ಬಿಯಲ್ಲಿ ಮರೆತವರಿಗೆಲ್ಲ ಗೊತ್ತು. ಬಿಳಿಚಿಕೊಂಡು, ತಲೆ ಬಗ್ಗಿಸಿ, ಬೆಳಕು ಎಲ್ಲಿ ಎಂದು ಉದ್ದಕ್ಕೆ ಏರುತ್ತದೆ. ಅವತ್ತು ಬೆಳಿಗ್ಗೆ ಮದರಾಸಿನ ಗಿಂಡಿ ಬಡಾವಣೆಯ ನಮ್ಮ ಪ್ರಯೋಗಾಲಯದಲ್ಲಿ ಫಾಯಿಲ್ ಬಿಚ್ಚಿದರೆ, ನನ್ನ ಮೊಳಕೆಗಳು ಗಿಡ್ಡಗೆ ನಿಂತು ಎರಡೆರಡು ಎಲೆ ಅಗಲಿಸಿಕೊಂಡಿದ್ದವು. ಹಸಿರೊಂದು ಬಂದಿರಲಿಲ್ಲ, ಅಷ್ಟೆ. ಉಳಿದಂತೆ ಬಿಸಿಲಲ್ಲಿ ಹುಟ್ಟಿದ ಮಕ್ಕಳೇ!

ನಾನು ಕೂಗಿದ್ದಕ್ಕೆ ನನ್ನ ಮಾರ್ಗದರ್ಶಕರು ಓಡಿ ಬಂದರು. ನೋಡಿ, ತಣ್ಣಗೆ, "ವೆಳಿಚ್ಚಂ ಉಳ್ಳೆ ಪೋಯಿರುಕ್ಕುಂ ಮಾ" ಎಂದರು. ಎಲ್ಲೋ ಬೆಳಕು ಒಳಗೆ ನುಗ್ಗಿರಬೇಕು, ಮತ್ತೊಮ್ಮೆ ಮಾಡು ಎಂದರ್ಥ.

ಆದರೆ ಬೆಳಕು ನುಗ್ಗಿದ್ದಲ್ಲ ಎಂದೇ ನನಗನ್ನಿಸಿತು. ಆ ಬೀಜಗಳಲ್ಲಿ ಒಂದು ಪ್ರೋಟೀನು ಕೆಲಸ ಮಾಡದಂತೆ ಮಾಡಲು ತಿಂಗಳುಗಟ್ಟಲೆ ಹೆಣಗಿದ್ದವಳು ನಾನು. ಅದರ ಹೆಸರು ಕಾಪ್-ಒನ್. ಎಲೆ ಬಿಡಿಸು ಎಂದು ಮೊಳಕೆಗೆ ಹೇಳುವ ಬೇರೆ ಪ್ರೋಟೀನುಗಳಿಗೆ ಅದು ಕತ್ತಲಲ್ಲಿ 'ಇದನ್ನು ಎಸೆಯಿರಿ' ಎಂಬ ಗುರುತು ಅಂಟಿಸುತ್ತದೆ. ಜೀವಕೋಶ ಅವನ್ನು ಚೂರು ಮಾಡಿಬಿಡುತ್ತದೆ. ಬೆಳಕು ಬಿದ್ದಾಗ ಕಾಪ್-ಒನ್ ಹಿಂದೆ ಸರಿಯುತ್ತದೆ. ನನ್ನ ಬೀಜಗಳಲ್ಲಿ ಗುರುತು ಅಂಟಿಸುವವರೇ ಇರಲಿಲ್ಲ. ಹೀಗಾಗುತ್ತದೆಂದು ಓದಿದ್ದೆ, ಕಣ್ಣಾರೆ ಕಂಡದ್ದು ಅವತ್ತೇ.

ಕ್ಯಾಂಟೀನಿನಲ್ಲಿ ಗೆಳತಿ ಸಿಕ್ಕಳು. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಕನ್ನಡ ವೈಷ್ಣವರ ಮನೆಯವಳು. ಮೇಲಿನ ಮಹಡಿಯಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಮೇಲೆ ಕೆಲಸ ಮಾಡುತ್ತಾಳೆ. ಕನ್ನಡ ಆಡಲು ಒಬ್ಬರು ಸಿಕ್ಕರಲ್ಲ ಎಂಬ ಖುಷಿಗೆ ನಾವು ಯಾವತ್ತೂ ಕೆಲಸದ ಮಾತೇ ಎತ್ತಿರಲಿಲ್ಲ.

"ಏನೇ, ಮೊಗ ಇಷ್ಟು ಪಳಪಳಾಂತ ಇದೆ?"

ಹೇಳಿದೆ. ಪ್ರೋಟೀನಿನ ಹೆಸರು ಬಂದ ಕೂಡಲೇ ಅವಳು ಕಾಫಿ ಲೋಟ ಕೆಳಗಿಟ್ಟಳು.

"ಅಡಿಪಾವಿ! ನಾನ್ ಇಲೀಲಿ ನೋಡ್ತಾ ಇರೋದೂ ಅದೇ ತಾನೇ!"

"ಸುಳ್ಳು!"

"ಸತ್ಯವಾಗಿ ಕಣೇ. ಅದನ್ನ ತೆಗೆದುಬಿಟ್ರೆ ಸೆಲ್ಲು ತುಂಬ ಇನ್ಸುಲಿನ್ ಇಟ್ಕೊಂಡಿರತ್ತೆ, ಸಕ್ಕರೆ ಕೊಟ್ರೂ ವೆಳಿಯೇ, ಹೊರಗಡೆಗೇ ಬಿಡಲ್ಲ. ಅಲ್ಲೂ ಎಸೀಬೇಕಾದ ಪ್ರೋಟೀನ್ ಎಲ್ಲ ಅಪ್ಪಡಿಯೇ ಒಳಗೇ ಸೇರ್ಕೊಂಡ್ಬಿಡತ್ತೆ."

ಗಿಡಕ್ಕೆ ಗ್ರಂಥಿಯಿಲ್ಲ, ಇಲಿಗೆ ಎಲೆಯಿಲ್ಲ. ಆದರೂ ಎರಡರಲ್ಲೂ ಅದೇ ಕೈ, ಅದೇ ಕೆಲಸ! ನಾವಿಬ್ಬರೂ ಮೇಜು ಬಡಿದು ನಕ್ಕ ಸದ್ದಿಗೆ ಸುತ್ತಲಿನವರು ತಿರುಗಿ ನೋಡಿದರು.

ಸಂಜೆ ಅಡ್ಯಾರಿನ ಮನೆಗೆ ಹೋದವಳೇ ಅಪ್ಪಯ್ಯನ ಮುಂದೆ ಕೂತು ಒಂದೇ ಉಸಿರಿಗೆ ಒದರಿದೆ. ಕುಂದಾಪುರ ಕಡೆಯಿಂದ ಬಂದು ಇಲ್ಲಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಲೇ ವಯಸ್ಸಾದವರು ಅವರು. ಸಕ್ಕರೆ ಕಾಯಿಲೆ ಅಂಟಿ ಬಹಳ ವರ್ಷ ಆಯಿತು.

"ಹಂಗಾರೆ ನನ್ ಗುಳಿಗೆ ಬಿಡ್ಲಕ್ಕಾ?" ಎಂದರು ಆಸೆಯಿಂದ.

"ಇಲ್ಲ ಅಪ್ಪಯ್ಯ, ಬಿಡೂಕಾಗ."

"ಮತ್ತೆಂತಕೆ ಮಾರಾಯ್ತಿ ಈ ನಮೂನಿ ಕುಣಿತೆ?"

"ನಿಮ್ ಹೊಟ್ಟೆ ಒಳಗೆ ಇಪ್ದೂ ನನ್ ಮೊಳಕೆ ಒಳಗೆ ಇಪ್ದೂ ಒಂದೇ ಅಪ್ಪಯ್ಯ" ಎಂದೆ. ಅವರು ಹೊಟ್ಟೆ ಸವರಿಕೊಂಡು, "ಅದು ಚಂದ ಇತ್ತ್" ಎಂದರು.

ಮತ್ತೆ ಬಿತ್ತಿದೆ. ಈ ಸಲ ಫಾಯಿಲ್ ಎರಡು ಸುತ್ತು, ಅದರ ಮೇಲೆ ಕಪ್ಪು ಪೆಟ್ಟಿಗೆ, ಬೀಗ. ಅದೇ ಪೆಟ್ಟಿಗೆಯೊಳಗೆ ಪಕ್ಕದಲ್ಲೇ, ನಾನು ಏನೂ ಬದಲಿಸದ ಬೀಜಗಳ ತಟ್ಟೆ. ಬಿಚ್ಚುವ ದಿನ ಗೆಳತಿಯೂ ಬಂದು ನನ್ನ ತೋಳು ಹಿಂಡುತ್ತಾ ನಿಂತಳು. ಪಕ್ಕದ ತಟ್ಟೆಯವು ಬಿಳಿಚಿ ಉದ್ದಕ್ಕೆ ಏರಿದ್ದವು. ನನ್ನವು ಗಿಡ್ಡಗೆ, ಎಲೆ ಬಿಚ್ಚಿ ನಿಂತಿದ್ದವು. ಮಾರ್ಗದರ್ಶಕರು ಮಸೂರದಲ್ಲಿ ತುಂಬ ಹೊತ್ತು ನೋಡಿ, ಮೇಲಿನ ಮಹಡಿಗೆ, ಗೆಳತಿಯ ಮಾರ್ಗದರ್ಶಕರಿಗೆ, ಫೋನು ಮಾಡಿದರು.

ಈಗ ಗಿಡದ ಪ್ರೋಟೀನನ್ನು ಇಲಿಯ ಕೋಶಕ್ಕೆ ಹಾಕಿದರೆ ಅಲ್ಲೂ ದುಡಿಯುತ್ತದೆಯೇ ಎಂದು ನಾವಿಬ್ಬರೂ ಸೇರಿ ನೋಡಲಿದ್ದೇವೆ. ದುಡಿಯದೆಯೂ ಇರಬಹುದು. ಈ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕ ಸಂಜೆ ಬೆಸೆಂಟ್ ನಗರದ ಕಡಲತೀರದಲ್ಲಿ, ಅಲೆ ಬಂದು ಸೀರೆ ಒದ್ದೆಯಾಗುತ್ತಿದ್ದರೂ ಗೆಳತಿ ಮರಳಿನ ಮೇಲೆ ಬೆರಳಿನಿಂದ ಕೋಶದ ಚಿತ್ರ ಬರೆದು, "ಎಲ್ಲಿಂದ ಶುರು ಮಾಡೋಣ, ಹೇಳೇ" ಎಂದಳು.